ತೌಡು ಬ್ಯಾಂಡಿನ ಮೊದಲ ಆಲ್ಬಮ್ ಮತ್ತು ನನ್ನ ಕಿವಿ

2022ರಲ್ಲಿ ನಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಮಹಡಿಯ ಮೇಲೆ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದೆ. ಈಗಲೂ ನಡೆಸುತ್ತಿದ್ದೇನೆ. ಆದರೆ ಒಂದು ಕೆಲಸವನ್ನು ಒಬ್ಬನೇ ಮಾಡುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಸ್ಟುಡಿಯೋ ಎಂದರೆ ಸಿನಿಮಾದಲ್ಲಿ ನೋಡುವಂಥದ್ದಲ್ಲ. ಎರಡು ಕೋಣೆ, ನಡುವೆ ಒಂದು ಗಾಜು, ಗೋಡೆಗೆ ಹಳೆಯ ಹತ್ತಿ ಹಾಸಿಗೆಗಳನ್ನು ಹೊಡೆದು ಮೇಲೆ ಬಟ್ಟೆ ಮುಚ್ಚಿದ್ದು. ಮದ್ರಾಸಿನಲ್ಲಿ ಆರು ವರ್ಷ ಸಹಾಯಕನಾಗಿದ್ದು ಕಲಿತ ವಿದ್ಯೆಯನ್ನು ಇಲ್ಲಿಗೆ ತಂದು ಮೂವತ್ತೊಂದು ವರ್ಷ ಭಜನೆ, ತತ್ವಪದ, ಮದುವೆಯ ಹಾಡು ರೆಕಾರ್ಡ್ ಮಾಡಿದೆ. ಅನ್ನ ಕೊಟ್ಟಿದ್ದು ಮಾತ್ರ ಆಟೋ ಪ್ರಚಾರ. ಬಟ್ಟೆ ಅಂಗಡಿಯ ರಿಯಾಯಿತಿ, ಪೋಲಿಯೋ ಹನಿ, ಕಳೆದುಹೋದ ಎಮ್ಮೆ, ಎಲ್ಲವೂ ಅರ್ಧ ನಿಮಿಷ ಕನ್ನಡದಲ್ಲಿ, ಅರ್ಧ ನಿಮಿಷ ತೆಲುಗಿನಲ್ಲಿ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ನನ್ನ ಮೆಟ್ಟಿಲು ಹತ್ತುತ್ತಿದ್ದರು. ಒಬ್ಬರು ಇಳಿಯುವಾಗ ಇನ್ನೊಬ್ಬರು ಎದುರಾಗದಂತೆ ಸಮಯ ಹಂಚುವುದೇ ದೊಡ್ಡ ತಲೆನೋವು.

ನಮ್ಮ ಕೆಲಸದಲ್ಲಿ ಎರಡು ಹಂತ. ಮೊದಲನೆಯದು ರೆಕಾರ್ಡಿಂಗ್: ಪ್ರತಿ ವಾದ್ಯ, ಪ್ರತಿ ದನಿಯನ್ನು ಬೇರೆಬೇರೆಯಾಗಿ ಹಿಡಿದಿಡುವುದು. ಎರಡನೆಯದು ಮಿಕ್ಸಿಂಗ್: ಹಿಡಿದದ್ದನ್ನೆಲ್ಲ ಕೂಡಿಸಿ ಯಾವುದು ಎಷ್ಟು ಕೇಳಬೇಕೆಂದು ತೀರ್ಮಾನಿಸುವುದು. ಒಗ್ಗರಣೆ ಮಂಡಕ್ಕಿ ಕಲಸಿದ ಹಾಗೆ. ಸಾಮಾನು ಎಲ್ಲರ ಹತ್ತಿರವೂ ಒಂದೇ, ರುಚಿ ಕಲಸುವ ಕೈಯಲ್ಲಿ.

ನನ್ನ ಮಿಕ್ಸಿಂಗ್‌ಗೆ ಒಂದು ಪರೀಕ್ಷೆ ಇತ್ತು. ಮಾಳಿಗೆಯ ಮೇಲೆ ಒಂದು ಹಾರ್ನ್ ಕಟ್ಟಿದ್ದೆ. ಹಾರ್ನ್ ಎಂದರೆ ಆಟೋದ ತಲೆಯ ಮೇಲೆ ಕಹಳೆಯಂತೆ ಬಾಯಿ ತೆರೆದುಕೊಂಡಿರುವ ಲೌಡ್‌ಸ್ಪೀಕರ್. ಕೆಲಸ ಮುಗಿದ ಮೇಲೆ ಅದರಲ್ಲಿ ಹಾಡು ಹಚ್ಚಿ, ಕೆಳಗಿಳಿದು, ರಸ್ತೆ ದಾಟಿ ಚಹಾದ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಅಲ್ಲಿಗೆ ಪ್ರತಿ ಅಕ್ಷರವೂ ಬಂದು ಮುಟ್ಟಿದರೆ ಪಾಸು. ಹಾರ್ನ್‌ಗೆ ಹೊಟ್ಟೆಯ ದನಿ ಬರುವುದಿಲ್ಲ. ಇನ್ನೂರು ಹರ್ಟ್ಸ್‌ನ ಕೆಳಗಿನ ಬೇಸ್ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಸ, ತ, ಕ, ಚ ಇಂಥ ಅಕ್ಷರಗಳ ಅಂಚು ಇರುವುದು ಎರಡು ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ. ಅದನ್ನು ಎತ್ತಿ, ಕೆಳಗಿನದನ್ನು ಕತ್ತರಿಸಿದರೆ ಮಾತು ಸಂತೆಯನ್ನೂ ಸೀಳಿಕೊಂಡು ಹೋಗುತ್ತದೆ. ಈ ವಿದ್ಯೆಯಲ್ಲಿ ಜಿಲ್ಲೆಯಲ್ಲೇ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ನಂಬಿದ್ದೆ, ಜನರೂ ಹಾಗೇ ಅನ್ನುತ್ತಿದ್ದರು.

ಆ ವರ್ಷದ ಜೂನ್‌ನಲ್ಲಿ ನಾಲ್ವರು ಬಂದರು. ಹಾಡುವವಳು ಮತ್ತು ಹಾಡು ಬರೆಯುವವಳು ಸಿರುಗುಪ್ಪದ ರಜಿಯಾ, ಅಲ್ಲಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಗಿಟಾರ್ ವೀರೇಶ, ಕುರುಗೋಡಿನಲ್ಲಿ ಮಿರ್ಚಿ-ಮಂಡಕ್ಕಿ ಹೋಟೆಲ್ಲಿನವರ ಮಗ. ಡ್ರಮ್ ಅವನ ತಮ್ಮ. ಬೇಸ್ ಗಿಟಾರ್ ಬಳ್ಳಾರಿಯ ಮಂಜ, ಇಪ್ಪತ್ಮೂರು ವರ್ಷದ ಹುಡುಗ, ಮಾತು ಕಡಿಮೆ. ಬ್ಯಾಂಡಿನ ಹೆಸರು ಕೇಳಿದೆ. ‘ತೌಡು’ ಎಂದರು.

“ಹೆಸರು ಯಾರು ಇಟ್ಟಿದ್ದು?” ಎಂದೆ.

“ನಾವು ಇಟ್ಟಿದ್ದಲ್ಲ ಸರ್, ಓಣಿಯವ್ರು ಇಟ್ಟಿದ್ದು,” ಎಂದ ವೀರೇಶ. “ದಿನಾ ಪ್ರ್ಯಾಕ್ಟೀಸು ಮಾಡಾಕ ಹೋಗೂದು ನೋಡಿ, ತೌಡು ಕುಟ್ಟಾಕ ಹೊಂಟ್ರು ನೋಡು ಅಂತಿದ್ರು. ಹೆಸರು ಪುಕ್ಕಟೆ ಸಿಕ್ಕೈತಿ, ಯಾಕ ಬಿಡೂದು ಅಂತ ಇಟ್ಕೊಂಡ್ವಿ.”

ಅವರು ಮಾಡುತ್ತಿದ್ದ ಸಂಗೀತಕ್ಕೆ ಆಲ್ಟರ್ನೇಟಿವ್ ರಾಕ್ ಎನ್ನುತ್ತಾರಂತೆ. ಅದುವರೆಗೆ ನಾನು ಅಂಥದ್ದನ್ನು ಮುಟ್ಟಿರಲಿಲ್ಲ. ಗಿಟಾರು ಗರಗಸದಂತೆ ಕೊರೆಯುತ್ತಿತ್ತು, ಅದರ ಮೇಲೆ ಈ ಹುಡುಗಿಯ ದನಿ ಅವಸರವಿಲ್ಲದೆ ನಡೆದು ಹೋಗುತ್ತಿತ್ತು. ಹಾಡೆಲ್ಲ ಅಕ್ಕಿ ಮಿಲ್ಲಿನ ಸುತ್ತಮುತ್ತಲಿನದು, ಅವರಾಡುವ ಮಾತಿನಲ್ಲೇ. ಎಂಟು ಹಾಡು, ಆಲ್ಬಮ್ಮಿಗೆ ‘ಎರಡನೇ ಪಾಳಿ’ ಎಂದು ಹೆಸರು. ಒಂದು ಹಾಡು ಕೇಳಿದ ಮೇಲೆ ನಾನು ಒಪ್ಪಿಕೊಂಡೆ.

ರೆಕಾರ್ಡಿಂಗ್‌ಗೆ ಮೊದಲು ರಜಿಯಾ ತನ್ನ ತಂದೆಯನ್ನು ಕರೆತಂದಳು. ಖಾಸೀಂಸಾಬ್ ನನ್ನ ವಾರಿಗೆಯವರು. ಸಿರುಗುಪ್ಪದ ಮಿಲ್ಲುಗಳಲ್ಲಿ ಮೂವತ್ತು ವರ್ಷದಿಂದ ಫಿಟ್ಟರ್, ಅಂದರೆ ಯಂತ್ರ ಕೆಟ್ಟರೆ ಬಿಚ್ಚಿ ಸರಿ ಮಾಡುವವರು. ಆ ಸದ್ದಿನಲ್ಲೇ ಬದುಕಿ ಕಿವಿ ಮಂದವಾಗಿತ್ತು. ಎದುರು ನಿಂತು ತುಟಿ ಕಾಣುವಂತೆ ಮಾತಾಡಿದರೆ ತಿಳಿಯುತ್ತಿತ್ತು. ಬೆನ್ನ ಹಿಂದಿನ ಮಾತು, ಫೋನಿನ ಮಾತು, ರೇಡಿಯೋ ಯಾವುದೂ ತಿಳಿಯುತ್ತಿರಲಿಲ್ಲ. ಅವರಿಗೆ ಮಗಳ ಹಾಡಿನ ಬಗ್ಗೆ ಸಿಟ್ಟಿರಲಿಲ್ಲ, ಧೈರ್ಯವೂ ಇರಲಿಲ್ಲ.

“ಒಂದು ಸಲ ಮಾಡ್ಲಿ ಅಂತ ಅಂದೀನಿ ರುದ್ರಪ್ಪನೋರ,” ಎಂದರು. “ಚಲೋ ಐತೋ ಇಲ್ಲೋ ನನಗ ಗೊತ್ತಾಗೂದಿಲ್ಲ. ಊರಿಗೆ ಕೇಳ್ಸಿದ್ರ ನನಗ ಕೇಳ್ಸಿದಂಗ. ಊರು ಹೌದು ಅಂದ್ರ ಹಾಡ್ಲಿ. ನಕ್ಕೊಂತ ಮಾತಾಡಿದ್ರ ಅಲ್ಲಿಗೆ ಬಿಡ್ಲಿ. ಆಕಿನೂ ಒಪ್ಯಾಳ.”

ರಜಿಯಾ ತಲೆಯಾಡಿಸಿದಳು. ಅಂದರೆ ಈ ಆಲ್ಬಮ್ಮಿಗೆ ಜನ ಏನನ್ನುತ್ತಾರೆ ಎಂಬುದರ ಮೇಲೆ ಆ ಹುಡುಗಿ ಮುಂದೆ ಹಾಡುತ್ತಾಳೋ ಇಲ್ಲವೋ ಎಂಬುದು ನಿಂತಿತ್ತು. ನಾನಿದ್ದೇನೆ, ಚಿಂತೆ ಬಿಡಿ ಎಂದು ದೊಡ್ಡದಾಗಿ ಹೇಳಿ ಕಳಿಸಿದೆ.

ರೆಕಾರ್ಡಿಂಗ್ ಚೆನ್ನಾಗಿಯೇ ಆಯಿತು. ಡ್ರಮ್ಮಿಗೆ ನನ್ನ ಕೋಣೆ ಸಾಲಲಿಲ್ಲ. ಕುರುಗೋಡಿನ ಬೆಟ್ಟದ ಬುಡದಲ್ಲಿ ವೀರೇಶನ ಸೋದರಮಾವನ ಹತ್ತಿ ಗೋಡೌನ್ ಇತ್ತು. ಹಿಂದಿನ ಹಂಗಾಮಿನ ಬೇಲುಗಳು, ಅಂದರೆ ಹತ್ತಿಯನ್ನು ಒತ್ತಿ ಕಟ್ಟಿದ ಮೂಟೆಗಳು, ಇನ್ನೂ ಮಾರಾಟವಾಗಿರಲಿಲ್ಲ. ಅವನ್ನೇ ಮೂರು ಕಡೆ ಗೋಡೆಯಂತೆ ಒಟ್ಟಿಸಿ ನಡುವೆ ಡ್ರಮ್ ಇಟ್ಟೆವು. ಹತ್ತಿಗಿಂತ ಚೆನ್ನಾಗಿ ಸದ್ದು ಕುಡಿಯುವ ವಸ್ತು ಇನ್ನೊಂದಿಲ್ಲ. ಐದು ದಿನ ಅಲ್ಲಿ, ಒಂಬತ್ತು ದಿನ ಬಳ್ಳಾರಿಯಲ್ಲಿ. ಹಿಡಿದ ದನಿಯಲ್ಲಿ ಇವತ್ತಿಗೂ ಯಾರೂ ತಪ್ಪು ಹುಡುಕಲಾರರು.

ತಪ್ಪು ಆದದ್ದು ಮಿಕ್ಸಿಂಗ್‌ನಲ್ಲಿ. ಮೂರು ವಾರ ಕೂತು ಎಂಟೂ ಹಾಡು ಮುಗಿಸಿದೆ. ಯಥಾಪ್ರಕಾರ ಮಾಳಿಗೆಯ ಹಾರ್ನ್‌ಗೆ ಹಾಕಿ, ರಸ್ತೆ ದಾಟಿ, ಚಹಾ ಕುಡಿಯುತ್ತ ಕೇಳಿದೆ. ಒಂದು ಅಕ್ಷರವೂ ಬೀಳದೆ ಬಂತು. ಪಾಸು ಮಾಡಿದೆ. ಫೋನಿನಲ್ಲಿ, ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಹಾಡನ್ನು ನಾನು ಕಳೆದುಹೋದ ಎಮ್ಮೆಯ ಪ್ರಕಟಣೆಯಂತೆ ತಯಾರು ಮಾಡಿದ್ದೇನೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ವೀರೇಶ ಒಮ್ಮೆ ಮೆಲ್ಲಗೆ ಅಂದಿದ್ದ: “ಸರ್, ಬೇಸ್ ಸ್ವಲ್ಪ ಕಡಿಮಿ ಆತೇನೋ ಅನಸ್ತೈತಿ.”

“ನೀ ಹುಟ್ಟೂಕಿಂತ ಮೊದಲ ನಾನು ಮದ್ರಾಸಿನಾಗ ಮಿಕ್ಸ್ ಮಾಡೀನಪಾ,” ಎಂದೆ. ಹಿರಿಯರಿಗೆ ಎದುರಾಡಬಾರದೆಂದು ಕಲಿತ ಮಕ್ಕಳು. ಆ ಸಂಸ್ಕಾರವನ್ನು ನಾನು ಆರಾಮಾಗಿ ದುರುಪಯೋಗ ಮಾಡಿಕೊಂಡೆ.

ಅಕ್ಟೋಬರಿನಲ್ಲಿ ಆಲ್ಬಮ್ ಇಂಟರ್ನೆಟ್ಟಿಗೆ ಹೋಯಿತು. ಒಂಬತ್ತನೆಯ ದಿನ ಬೆಂಗಳೂರಿನ ಒಂದು ಸಂಗೀತದ ಜಾಲತಾಣದಲ್ಲಿ ವಿಮರ್ಶೆ ಬಂತು. ಬರೆದವನು ದುಷ್ಟನಲ್ಲ. ಬರವಣಿಗೆ ಹೊಸದಾಗಿದೆ, ಹಾಡುವ ಹುಡುಗಿಯ ದನಿಯಲ್ಲಿ ಸತ್ವವಿದೆ ಎಂದು ಮೊದಲು ಹೇಳಿದ್ದ. ಆಮೇಲೆ, ಇಡೀ ಆಲ್ಬಮ್ ಪ್ರಚಾರದ ಆಟೋದಿಂದ ಬಂದಂತೆ ಕೇಳುತ್ತದೆ, ಯಾರೋ ಹಾಡುಗಳ ಹೊಟ್ಟೆಯನ್ನೇ ತೆಗೆದುಬಿಟ್ಟಿದ್ದಾರೆ, ಹತ್ತು ನಿಮಿಷ ಕೇಳಿದರೆ ತಲೆ ನೋಯುತ್ತದೆ ಎಂದು ಬರೆದಿದ್ದ. ಕೆಳಗೆ ಓದುಗರೂ ಕೈ ಸೇರಿಸಿದ್ದರು. ಒಬ್ಬನಂತೂ ಅರಿಶಿನ-ಕುಂಕುಮ, ಸೀರೆಗೆ ಶೇಕಡಾ ಐವತ್ತು ರಿಯಾಯಿತಿ ಎಂದು ಬರೆದು ನಕ್ಕಿದ್ದ. ನನ್ನ ದಂಧೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ಗುರಿ ತಪ್ಪಿರಲಿಲ್ಲ.

ನನಗೆ ಸಿಟ್ಟು ಬಂತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು ನಾನು. ಈ ಬೆಂಗಳೂರಿನವರಿಗೆ ಕಿವಿಯೇ ಇಲ್ಲ ಎಂದು ಎರಡು ದಿನ ಓಡಾಡಿದೆ. ಮೂರನೆಯ ದಿನ ಮಂಜ ಬಂದು ಕುಳಿತ. ಒಂದೇ ಮಾತು ಕೇಳಿದ.

“ಸರ್, ಈ ಆಲ್ಬಮ್‌ನ್ಯಾಗ ನಾ ಅದೀನೇನ್ರಿ?”

ಅವನ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನನಗೆ ಆಗಲೂ ಎಲ್ಲ ಸರಿಯಾಗಿಯೇ ಕೇಳುತ್ತಿತ್ತು. ಕೊನೆಗೆ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್ ತೆರೆದೆ. ಹಾಡಿನ ಯಾವ ಭಾಗ ಎಷ್ಟು ಜೋರಾಗಿದೆ ಎಂದು ಗೆರೆ ಎಳೆದು ತೋರಿಸುವ ಸಾಧನ ಅದು. ಮೂರು ಸಾವಿರದಲ್ಲಿ ಗುಡ್ಡ, ಇನ್ನೂರರ ಕೆಳಗೆ ಹಳ್ಳ. ಕಿವಿ ಹೇಳದ್ದನ್ನು ಗೆರೆ ಹೇಳಿತು. ಹಾರ್ನ್‌ನ ಚಾಳಿ ಎಂದು ನನ್ನನ್ನು ನಾನೇ ಬೈದುಕೊಂಡೆ, ನಾಚಿಕೆಯೂ ಆಯಿತು.

ಅದೇ ವಾರ ರಜಿಯಾ ಫೋನ್ ಮಾಡಿದಳು. ವಿಮರ್ಶೆಯನ್ನು ಮುಚ್ಚಿಡುವ ಹುಡುಗಿಯಲ್ಲ ಅವಳು. ತಾನೇ ತಂದೆಯ ಕೈಯಲ್ಲಿಟ್ಟು ಓದಿಸಿದ್ದಳು.

“ಅಪ್ಪ ಸಾಕು ಅಂದಾನ ಸರ್,” ಎಂದಳು. “ಬೈಲಿಲ್ಲ. ದೊಡ್ಡೂರೇ ನಕ್ಕಮ್ಯಾಲೆ ನಮ್ಮೂರು ಬಿಡ್ತೈತೇನು ಅಂದ. ಮಾತು ಕೊಟ್ಟೀನಿ. ಅದಕ್ಕ ಹೇಳಾಕ ಫೋನ್ ಮಾಡಿದ್ದೆ.”

ದನಿಯಲ್ಲಿ ಅಳುವಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು, ನಿನ್ನ ಹಾಡಿನದ್ದಲ್ಲ ಎಂದೆ. ಮಾತು ಕೊಟ್ಟದ್ದನ್ನು ಒಂದು ತಿಂಗಳು ತಡೆದಿಟ್ಟುಕೋ ಎಂದು ಬೇಡಿಕೊಂಡೆ.

ಎಂಟೂ ಹಾಡನ್ನು ಮೊದಲಿನಿಂದ ಮಿಕ್ಸ್ ಮಾಡಲು ಕುಳಿತೆವು. ಈ ಸಲ ಮಂಜ ಪಕ್ಕದಲ್ಲಿ. ಅವನು ಸಾಕು ಎಂದಾಗ ನಿಲ್ಲಿಸಿದೆ, ಇನ್ನಷ್ಟು ಎಂದಾಗ ಎತ್ತಿದೆ. ನನಗೆ ಎಲ್ಲ ಮಬ್ಬಾಗಿ, ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿತ್ತು. ಆದರೂ ಅವನ ಮಾತನ್ನು ಮೀರಲಿಲ್ಲ. ಹನ್ನೆರಡು ದಿನದಲ್ಲಿ ಮುಗಿಯಿತು. ಈಗ ಖಾಸೀಂಸಾಬರ ಮುಂದೆ, ಅವರ ಊರಿನವರ ಮುಂದೆ ಹಚ್ಚಿ ತೋರಿಸಬೇಕೆಂದು ನಿರ್ಧರಿಸಿದೆ. ಊರಿಗೆ ಕೇಳಿಸಿದರೆ ತಾನೇ ಅವರಿಗೆ ಕೇಳಿಸಿದ ಹಾಗೆ.

ಡಿಸೆಂಬರಿನ ಮೊದಲ ವಾರ. ಹೊಸ ಭತ್ತ ಬಂದು ಸಿರುಗುಪ್ಪದ ಮಿಲ್ಲುಗಳೆಲ್ಲ ಹಗಲೂ ರಾತ್ರಿ ಓಡುವ ಕಾಲ. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಮಾತ್ರ ಯಂತ್ರ ನಿಲ್ಲುತ್ತದೆ. ಮಾಲೀಕರನ್ನು ಕೇಳಿ ಆ ಒಂದು ಗಂಟೆಯನ್ನು ಪಡೆದೆ. ಮಂಜನ ಜೊತೆ ಹೊರಟು, ಕುರುಗೋಡಿನಲ್ಲಿ ವೀರೇಶನನ್ನೂ ಅವನ ತಮ್ಮನನ್ನೂ ಹತ್ತಿಸಿಕೊಂಡು, ಓಮ್ನಿ ವ್ಯಾನಿನಲ್ಲಿ ಎರಡು ದೊಡ್ಡ ಬಾಕ್ಸ್ ಸ್ಪೀಕರ್ ಹೇರಿಕೊಂಡು ಹೋದೆವು. ಹಾರ್ನ್ ಒಂದು ಹಿಂದಿನ ಸೀಟಿನ ಕೆಳಗೆ ಯಾವಾಗಲೂ ಬಿದ್ದಿರುತ್ತಿತ್ತು. ಅದನ್ನು ಇಳಿಸುವ ಯೋಚನೆ ಇರಲಿಲ್ಲ.

ಭತ್ತ ಒಣಗಿಸುವ ಕಣದ ಅಂಚಿನಲ್ಲಿ ನೆರಳು ನೋಡಿ ಮೂವತ್ತು ನಲವತ್ತು ಜನ ಬುತ್ತಿ ಬಿಚ್ಚಿ ಕುಳಿತಿದ್ದರು. ಹಮಾಲರು, ಕಣದಲ್ಲಿ ಭತ್ತ ಎಳೆಯುವ ಹೆಣ್ಣುಮಕ್ಕಳು, ಲಾರಿಯವರು. ಖಾಸೀಂಸಾಬ್ ಮುಂದೆ ಒಂದು ಚೀಲದ ಮೇಲೆ ಕುಳಿತರು. ರಜಿಯಾ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಹೊಸ ಮಿಕ್ಸ್ ಹಚ್ಚಿದೆ. ಜನ ಚಪಾತಿ ಮುರಿಯುವುದನ್ನು ಬಿಟ್ಟು ಕೇಳಿದರು. ತಲೆದೂಗಿದರು. ಮಂಜನ ಮುಖದಲ್ಲಿ ಮೊದಲ ಬಾರಿ ನಗು ಕಂಡೆ. ಹಾಡು ಮುಗಿದ ಮೇಲೆ ನಾನು ಖಾಸೀಂಸಾಬರ ಎದುರು ಕುಳಿತು ಹೇಗಿದೆ ಎಂದು ಕೇಳಿದೆ.

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. “ಇಲ್ಲಿ ಬಡೀತೈತಿ ರುದ್ರಪ್ಪನೋರ. ಕಿವಿಗೆ ಬರ್ಲಿಲ್ಲ. ನನ್ನ ಮಗಳು ಹಾಡ್ಯಾಳೋ ಮತ್ಯಾರು ಹಾಡ್ಯಾರೋ ಗೊತ್ತಾಗ್ಲಿಲ್ಲ.” ಸುತ್ತಲಿನವರನ್ನು ನೋಡಿ, “ಇವ್ರು ಚಲೋ ಐತಿ ಅಂತಾರ. ನಾ ಅದೀನಿ ಅಂತ ಅಂತಾರೋ, ಖರೇನ ಅಂತಾರೋ,” ಎಂದರು.

ಅಲ್ಲಿದ್ದವರಲ್ಲಿ ಒಬ್ಬಾಕೆ, ಕಣದ ಹೆಣ್ಣುಮಗಳು, ವಯಸ್ಸಾದವಳು, ಎದ್ದು ಬಂದಳು. “ಅವನಿಗೆ ಡಬ್ಬಿ ಕೇಳ್ಸೂದಿಲ್ರೀ. ಮೈಕಿನಾಗ ಹಚ್ರಿ. ಮೈಕಿನಾಗ ಸಾರಿದ್ದು ಅವನಿಗೆ ಕೇಳ್ಸತೈತಿ, ನಾವು ನೋಡೀವಿ.”

ಮೈಕು ಎಂದು ಅವಳು ಹೇಳಿದ್ದು ಹಾರ್ನ್‌ಗೆ. ನನಗೆ ಬೇಡವೆನಿಸಿತು. ಹಾರ್ನ್‌ಗೆ ಹೊಂದುವಂತೆ ಮಾಡಿದ್ದು ಹಳೆಯ ಮಿಕ್ಸ್ ಒಂದೇ. ಜನ ನಕ್ಕ ಮಿಕ್ಸ್. ಮೂವತ್ತು ಜನರ ಮುಂದೆ ನನ್ನ ತಪ್ಪನ್ನು ನಾನೇ ಮೈಕಿನಲ್ಲಿ ಸಾರಬೇಕಿತ್ತು. ಅಷ್ಟರಲ್ಲಿ ವೀರೇಶ ಹಾರ್ನ್ ತಂದು ಭತ್ತದ ಚೀಲಗಳ ಮೇಲೆ ಇಟ್ಟುಬಿಟ್ಟಿದ್ದ. ಹಳೆಯ ಮಿಕ್ಸ್‌ನ ‘ತೌಡಿನ ಅಂಗಿ’ ಎಂಬ ಹಾಡನ್ನು ಹಚ್ಚಿದೆ.

ಖಾಸೀಂಸಾಬ್ ಎದ್ದು ನಿಂತರು. ಹಾರ್ನ್‌ನ ಹತ್ತಿರ ಹೋದರು. ಆ ಹಾಡಿನಲ್ಲಿ ಎರಡು ಸಾಲುಗಳಿವೆ:

ನೀ ಬರೂ ಮೊದಲ ನಿನ್ನ ಅಂಗಿ ಬರತೈತಿ ಮನಿಗೆ,
ನಾ ಕರದ್ರ ನಿನ್ನ ಬದಲಿ ಮಿಲ್ಲು ಓ ಅಂತೈತಿ.

ಅವರು ಕೈ ಎತ್ತಿ ನಿಲ್ಲಿಸಲು ಹೇಳಿದರು. ಇನ್ನೊಮ್ಮೆ ಹಚ್ಚಿ ಎಂದರು. ಇನ್ನೊಮ್ಮೆ ಹಚ್ಚಿದೆ. ತುಟಿಗಳು ಸಾಲಿನ ಜೊತೆ ಅಲುಗುತ್ತಿದ್ದವು. ಹಾಡು ಮುಗಿಯುವ ತನಕ ಕಾಯದೆ ಕಣ ದಾಟಿ ಮಗಳ ಹತ್ತಿರ ಹೋದರು.

“ಯಾವಾಗ ಕರದಿದ್ದಿ ನೀನು?”

“ದಿನಾ ಕರೀತಿದ್ದೆ ಅಪ್ಪ,” ಎಂದಳು ರಜಿಯಾ. “ಸಾಲಿಗೆ ಹೋಗೂ ಮುಂದಿಂದ.”

ಅವರು ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಮಿಲ್ಲಿನೊಳಗೆ ಕೂಗಿ ಮಾತಾಡಿ ಅಭ್ಯಾಸವಾದ ಜೋರು ದನಿಯಲ್ಲಿ ಹೇಳಿದರು: “ಊರಿನ ಮಾತು ಬಿಡ್ರಿ. ಹಾಡ್ಲಿ ಆಕಿ. ನನಗ ಇನ್ನೂ ಕೇಳೂದೈತಿ.” ಸೈರನ್ ಆಯಿತು, ಯಂತ್ರ ಶುರುವಾಯಿತು, ಎಲ್ಲರೂ ಬುತ್ತಿ ಕಟ್ಟಿಕೊಂಡು ಎದ್ದರು. ನಾನು ಓಮ್ನಿಯ ಹಿಂದೆ ಹೋಗಿ ನಿಂತು ಸ್ವಲ್ಪ ಹೊತ್ತು ಅತ್ತೆ. ಮುಚ್ಚಿಡುವಂಥದ್ದೇನಲ್ಲ ಅದು.

ಈ ಬರಹವನ್ನು ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ತಪ್ಪೇ ಒಪ್ಪಾಯಿತು ಎಂದು ಮೀಸೆ ತಿರುವಬಹುದಿತ್ತು. ಜನವರಿಯಲ್ಲಿ ರಜಿಯಾ ತಂದೆಯ ಕಿವಿ ಪರೀಕ್ಷೆ ಮಾಡಿಸಲು ಬಳ್ಳಾರಿಗೆ ಕರೆತಂದಳು. ದಾರಿ ತೋರಿಸಲು ನಾನೂ ಹೋದೆ. ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಸಣ್ಣ ಸಣ್ಣ ಶಬ್ದ ಕೇಳಿಸಿ, ಯಾವ ಫ್ರೀಕ್ವೆನ್ಸಿ ಎಷ್ಟು ಕೇಳುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆಯುತ್ತಾರೆ. ಅದಕ್ಕೆ ಆಡಿಯೋಗ್ರಾಮ್ ಎನ್ನುತ್ತಾರೆ. ಪರೀಕ್ಷೆ ಮಾಡಿದ ಹೆಣ್ಣುಮಗಳು ನನ್ನ ಕೆಲಸ ಕೇಳಿದಳು. ಹೇಳಿದೆ. “ಹಂಗಾದ್ರ ನೀವೂ ಒಂದು ಸಲ ಕೂತು ಬಿಡ್ರಿ ಸರ್,” ಎಂದಳು. ನಗುತ್ತ ಹೋಗಿ ಕುಳಿತೆ.

ಹೊರಗೆ ಬಂದಾಗ ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ ಇದ್ದವು. ಅವರ ಗೆರೆ ನನ್ನದಕ್ಕಿಂತ ಕೆಳಗಿತ್ತು, ಕೆಳಗಿಳಿದಷ್ಟೂ ಕಿವಿ ಮಂದ. ಆದರೆ ಆಕಾರ ಒಂದೇ. ಎರಡೂ ಎರಡು ಸಾವಿರದ ತನಕ ಬಂದು, ಮೂರು ನಾಲ್ಕು ಸಾವಿರದ ಹತ್ತಿರ ಒಂದೇ ಥರ ಗುಂಡಿಗೆ ಬಿದ್ದಿದ್ದವು. ಅವರ ಕಿವಿಯನ್ನು ಮಿಲ್ಲು ತಿಂದಿತ್ತು, ನನ್ನದನ್ನು ಹಾರ್ನ್. ನಾನು ಅಕ್ಷರದ ಅಂಚನ್ನು ಅಷ್ಟು ಎತ್ತುತ್ತಿದ್ದದ್ದು ಚಾಳಿಯಿಂದ ಮಾತ್ರವಲ್ಲ. ಎತ್ತದಿದ್ದರೆ ನನಗೇ ಕೇಳುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಅನುಭವ ಎಂದುಕೊಂಡದ್ದರಲ್ಲಿ ಒಂದು ಪಾಲು ಕಿವುಡು. ಚಹಾದ ಅಂಗಡಿಯ ಮುಂದೆ ನಿಂತು ಪಾಸು ಮಾಡುತ್ತಿದ್ದವನು ಈ ಕಿವುಡನೇ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ; ಕಿವಿಯದ್ದೂ ಅದೇ ಕಥೆ.

ಖಾಸೀಂಸಾಬ್ ಎರಡೂ ಕಾಗದ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಯಂತ್ರದ ನಕ್ಷೆ ಓದಿ ಪಳಗಿದ ಕಣ್ಣು, ಯಾರೂ ವಿವರಿಸಬೇಕಾಗಲಿಲ್ಲ.

“ನಿಮಗೂ ಐತಲ್ರೀ,” ಎಂದರು, ಬಹಳ ಮೆಲ್ಲಗೆ.

ಅಂದಿನಿಂದ ಮಿಕ್ಸಿಂಗ್‌ನ ಕೊನೆಯ ತೀರ್ಮಾನ ನನ್ನದಲ್ಲ, ಮಂಜನದು. ಅಕ್ಕಪಕ್ಕದ ಊರಿನ ಸ್ಟುಡಿಯೋದವರನ್ನೂ ಒಬ್ಬೊಬ್ಬರನ್ನೇ ಹಿಡಿದು ಆ ಸದ್ದಿಲ್ಲದ ಕೋಣೆಗೆ ಕಳಿಸುತ್ತಿದ್ದೇನೆ. ಇಬ್ಬರು ಬೈದರು, ಮೂವರು ಹೋದರು. ‘ಎರಡನೇ ಪಾಳಿ’ಯ ಹೊಸ ಮಿಕ್ಸ್ ಈಗ ಇಂಟರ್ನೆಟ್ಟಿನಲ್ಲಿದೆ, ಚೆನ್ನಾಗಿ ಓಡುತ್ತಿದೆ. ಹಳೆಯದನ್ನು ಅಳಿಸಿಬಿಡೋಣ ಎಂದಾಗ ರಜಿಯಾ ಒಪ್ಪಲಿಲ್ಲ. ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದಳು.

ಕೆಲಸ ನನಗೆ ಕಲಿಸಿದ್ದು ಇಷ್ಟು. ಕೈ ಪಳಗಿದಷ್ಟೂ ಮೈ ಸವೆಯುತ್ತದೆ, ಸವೆದದ್ದು ಸವೆದವನಿಗೆ ತಿಳಿಯುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಒಬ್ಬ ಕಿರಿಯನನ್ನು ಕೂರಿಸಿಕೊಳ್ಳಬೇಕು, ಅವನು ಬೇಸ್ ಕಡಿಮೆ ಎಂದರೆ ಮದ್ರಾಸಿನ ಮಾತು ತೆಗೆಯಬಾರದು. ಇದು ನನಗೆ ಮನವರಿಕೆಯಾಗಿದೆ, ಪಾಲಿಸುತ್ತಲೂ ಇದ್ದೇನೆ. ಮೊನ್ನೆ ಖಾಸೀಂಸಾಬ್ ಕಿವಿಗೆ ಹೊಸ ಯಂತ್ರ ಹಾಕಿಕೊಂಡು ಸ್ಟುಡಿಯೋಗೆ ಬಂದಿದ್ದರು. ‘ತೌಡಿನ ಅಂಗಿ’ಯ ಹೊಸ ಮಿಕ್ಸ್, ಮಂಜ ಒಪ್ಪಿದ್ದು, ಹಚ್ಚಿ ಕೇಳಿಸಿದೆ. ಪೂರ್ತಿ ಕೇಳಿದರು. ಚೆನ್ನಾಗಿದೆ ಎಂದರು. ಎಲ್ಲ ವಾದ್ಯವೂ ತಿಳಿಯಿತು ಎಂದರು. ಆಮೇಲೆ ಆ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡು, “ಆದ್ರ ಈ ಹೊಸಾದ್ರಾಗ ಮಗಳು ಸ್ವಲ್ಪ ದೂರ ನಿಂತಾಳ,” ಎಂದರು. ನನಗೂ ಹಾಗೇ ಕೇಳುತ್ತದೆ. ಆದರೆ ಅದನ್ನು ನಾನು ಮಂಜನಿಗೆ ಹೇಳಿಲ್ಲ.